ಟೋಕಮಾಕ್ ಒಳಗೆ ಪ್ಲಾಸ್ಮಾ ಯಾಕೆ ಸುತ್ತುತ್ತದೆ? ಅದನ್ನು ತಳ್ಳುವುದು ಯಾವುದು?

ಹಾಸನದ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಟೋಕಮಾಕ್ (ಅಯಾನು, ಎಲೆಕ್ಟ್ರಾನುಗಳ ಬಿಸಿ ಅನಿಲವಾದ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಫ್ಯೂಶನ್ ಯಂತ್ರ) ವಿಷಯ ತೆಗೆದುಕೊಂಡಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪಠ್ಯದಲ್ಲಿ ಮೊದಲು ಸಮತೋಲನದ ಸಮೀಕರಣ ಬರುತ್ತದೆ. ಒತ್ತಡ ಹೊರಗೆ ತಳ್ಳುತ್ತದೆ, ವಿದ್ಯುತ್ ಪ್ರವಾಹವೂ ಕಾಂತಕ್ಷೇತ್ರವೂ ಸೇರಿ ಒಳಗೆ ಒತ್ತುತ್ತವೆ, ಎರಡೂ ಸರಿಸಮ. ಅಲ್ಲಿ ಪ್ಲಾಸ್ಮಾದ ವೇಗ ಸೊನ್ನೆ ಎಂದು ಹಿಡಿದಿದ್ದಾರೆ. ಮುಂದಿನ ಅಧ್ಯಾಯಕ್ಕೆ ಹೋದರೆ ಅದೇ ಪ್ಲಾಸ್ಮಾ ಸೆಕೆಂಡಿಗೆ 100 ಕಿ.ಮೀ.ಗಿಂತ ಜೋರಾಗಿ ಸುತ್ತುತ್ತಿದೆ ಎಂದು ಬರೆದಿದ್ದಾರೆ! ಹಿಡಿದಿಟ್ಟ ಪ್ಲಾಸ್ಮಾ ಹರಿಯುವುದು ಹೇಗೆ? ಯಾರು ತಳ್ಳುತ್ತಾರೆ? ಆ ಹರಿವಿನಿಂದ ಏನಾದರೂ ಉಪಯೋಗ ಇದೆಯಾ, ಅಥವಾ ಸುಮ್ನೆ ಜೊತೆಗೆ ಬರುವ ಸಂಗತಿಯಾ?

ಸಮೀಕರಣ

ಒಳ್ಳೆ ಪ್ರಶ್ನೆ. ಸ್ವಲ್ಪ ಬುಡದಿಂದ ಹೇಳುತ್ತೇನೆ.

ಟೋಕಮಾಕ್‌ನ ಪ್ಲಾಸ್ಮಾ ಉದ್ದಿನ ವಡೆಯ ಆಕಾರದಲ್ಲಿರುತ್ತದೆ. ನಡುವಿನ ತೂತನ್ನು ಬಳಸಿ ಸುತ್ತುವುದು ಟೊರಾಯ್ಡಲ್ ದಿಕ್ಕು. ಒಳಮೈಯಿಂದ ಮೇಲೆ ಹತ್ತಿ ಹೊರಮೈಗೆ ಇಳಿದು ಮತ್ತೆ ಒಳಗೆ ಬರುವುದು ಪೊಲಾಯ್ಡಲ್ ದಿಕ್ಕು. ದೊಡ್ಡ ಕಾಂತಕ್ಷೇತ್ರ ಟೊರಾಯ್ಡಲ್ ದಿಕ್ಕಿನಲ್ಲಿದೆ. ನಡುವಿನ ಅಕ್ಷದಿಂದ ದೂರ ಹೋದಷ್ಟೂ ಅದು ಕಡಿಮೆಯಾಗುತ್ತದೆ. ಅಂದರೆ ತೂತಿನ ಪಕ್ಕ ಬಲ ಜಾಸ್ತಿ, ಹೊರಗಡೆ ಕಡಿಮೆ. ಮುಂದೆ ಬರುವ ಎಷ್ಟೋ ಸಂಗತಿಗಳಿಗೆ ಈ ಒಂದು ವ್ಯತ್ಯಾಸವೇ ಮೂಲ.

ಬರೀ ಟೊರಾಯ್ಡಲ್ ಕ್ಷೇತ್ರ ಇದ್ದರೆ ಪ್ಲಾಸ್ಮಾ ನಿಲ್ಲುವುದಿಲ್ಲ. ಕ್ಷೇತ್ರ ಬಾಗಿರುವುದರಿಂದ ಅಯಾನುಗಳು ಮೇಲಕ್ಕೆ ಜಾರಿದರೆ ಎಲೆಕ್ಟ್ರಾನುಗಳು ಕೆಳಕ್ಕೆ ಜಾರುತ್ತವೆ. ಮೇಲೆ ಕೆಳಗೆ ವಿದ್ಯುದಂಶ ಶೇಖರವಾಗಿ ನೆಟ್ಟಗೆ ಒಂದು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಎರಡೂ ಒಟ್ಟಿಗಿದ್ದರೆ ಎಲ್ಲ ಕಣಗಳೂ ಅವೆರಡಕ್ಕೂ ಲಂಬವಾಗಿ ಒಂದೇ ವೇಗದಲ್ಲಿ ಸರಿಯುತ್ತವೆ. ಇದನ್ನು ಇ-ಕ್ರಾಸ್-ಬಿ ಚಲನೆ ಎನ್ನುತ್ತಾರೆ. ಇಡೀ ಪ್ಲಾಸ್ಮಾ ಹೊರಗೋಡೆಗೆ ಹೋಗಿ ಬಡಿಯುತ್ತದೆ. ಅದಕ್ಕೇ ಪ್ಲಾಸ್ಮಾದೊಳಗೆ ಪ್ರವಾಹ ಹರಿಸಿ ಕ್ಷೇತ್ರರೇಖೆಗಳಿಗೆ ಒಂದು ತಿರುಚು ಕೊಡುತ್ತಾರೆ. ತಿರುಚಿದ ರೇಖೆ ಮೇಲನ್ನೂ ಕೆಳಗನ್ನೂ ಜೋಡಿಸುತ್ತದೆ. ಶೇಖರವಾದ ವಿದ್ಯುದಂಶ ಅದರ ಉದ್ದಕ್ಕೂ ಹರಿದು ಸಮವಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಒಂದೇ ರೇಖೆ ಸುತ್ತಿ ಸುತ್ತಿ ಒಂದು ಮೇಲ್ಮೈಯನ್ನು ಆವರಿಸುತ್ತದೆ. ಇಂಥ ಮೇಲ್ಮೈಗಳು ಒಂದರೊಳಗೊಂದು ಇರುತ್ತವೆ. "ಹಿಡಿದಿಟ್ಟಿದೆ" ಎಂದರೆ ಪ್ಲಾಸ್ಮಾ ಮೇಲ್ಮೈಯಿಂದ ಮೇಲ್ಮೈಗೆ ದಾಟಬಾರದು, ಅಷ್ಟೇ. ಮೇಲ್ಮೈ ಮೇಲೆಯೇ ಓಡಾಡಲು ಅಡ್ಡಿಯಿಲ್ಲ. ಲೆಕ್ಕ ಹಾಕಿದರೆ ಪ್ರತಿ ಮೇಲ್ಮೈಗೂ ಎರಡೇ ಸ್ವಾತಂತ್ರ್ಯ ಉಳಿಯುತ್ತವೆ. ಒಂದು, ಇಡೀ ಮೇಲ್ಮೈ ಗಟ್ಟಿ ವಸ್ತುವಿನ ಹಾಗೆ ಒಂದೇ ಕೋನೀಯ ವೇಗದಲ್ಲಿ ಟೊರಾಯ್ಡಲ್ ದಿಕ್ಕಿಗೆ ಸುತ್ತುವುದು. ಇನ್ನೊಂದು, ಕ್ಷೇತ್ರರೇಖೆಯ ಉದ್ದಕ್ಕೂ ಹರಿಯುವುದು. ನೋಡುವ ಯಾವ ಹರಿವಾದರೂ ಇವೆರಡರ ಮಿಶ್ರಣ.

ಪಠ್ಯ ವೇಗವನ್ನು ಸೊನ್ನೆ ಮಾಡಿದ್ದು ಅನುಕೂಲಕ್ಕೆ. ಬಲಗಳ ಲೆಕ್ಕದಲ್ಲಿ ಹರಿವಿನ ಪಾಲು ಮಾಕ್ ಸಂಖ್ಯೆಯ (ಹರಿವಿನ ವೇಗ ಭಾಗಿಸು ಕಣದ ಉಷ್ಣವೇಗ) ವರ್ಗದಷ್ಟು. 10 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಿಸಿಯ ಡ್ಯೂಟೀರಿಯಂ ಅಯಾನಿನ ಉಷ್ಣವೇಗ ಸೆಕೆಂಡಿಗೆ ಸುಮಾರು 1000 ಕಿ.ಮೀ. ಪ್ಲಾಸ್ಮಾ 300 ಕಿ.ಮೀ.ಯಲ್ಲಿ ಸುತ್ತಿದರೂ ಅದರ ಪಾಲು ಒತ್ತಡದ ಹತ್ತನೇ ಒಂದು ಭಾಗದ ಆಸುಪಾಸು. ಅದಕ್ಕೇ ಸಮತೋಲನದಲ್ಲಿ ಬಿಟ್ಟರೂ ನಡೆಯುತ್ತದೆ. ಸ್ಥಿರತೆಯಲ್ಲಿ, ಶಾಖದ ಸೋರಿಕೆಯಲ್ಲಿ ಬಿಟ್ಟರೆ ನಡೆಯುವುದಿಲ್ಲ.

ಪಂಪು ಪೈಪು

ನಾನು ಮೆಕ್ಯಾನಿಕಲ್ ಎಂಜಿನಿಯರ್. ಪಂಪುಗಳ ಒಳಗಿನ ಹರಿವಿನ ಲೆಕ್ಕ ನನ್ನ ದಿನನಿತ್ಯದ ಕೆಲಸ. ಒಂದು ಮೂಲಭೂತ ಅನುಮಾನ ಇದೆ. ದ್ರವದ ಸಮೀಕರಣ ಹಾಕಬೇಕಾದರೆ ಕಣಗಳು ಬೇಗ ಬೇಗ ಡಿಕ್ಕಿ ಹೊಡೆಯಬೇಕು. ಅಷ್ಟು ಬಿಸಿಯ ಪ್ಲಾಸ್ಮಾದಲ್ಲಿ ಒಂದು ಡಿಕ್ಕಿಗೂ ಇನ್ನೊಂದಕ್ಕೂ ನಡುವೆ ಕಣ ಕಿಲೋಮೀಟರುಗಟ್ಟಲೆ ಓಡಿರುತ್ತದೆ. ಯಂತ್ರವೇ ಕೆಲವು ಮೀಟರ್ ಅಗಲ. ಅದನ್ನು ದ್ರವ ಎನ್ನುವುದು ಯಾವ ನ್ಯಾಯ?

ಸಮೀಕರಣ

ಸರ್, ಈ ಆಕ್ಷೇಪ ಅರ್ಧ ನಿಜ. ಆ ಅರ್ಧವನ್ನು ಯಾರೂ ತಳ್ಳಿಹಾಕಿಲ್ಲ.

ಕ್ಷೇತ್ರಕ್ಕೆ ಅಡ್ಡಲಾಗಿ ನೋಡಿ. 5 ಟೆಸ್ಲಾ ಕ್ಷೇತ್ರದಲ್ಲಿ ಅದೇ ಅಯಾನು ಸುಮಾರು 4 ಮಿಲಿಮೀಟರ್ ತ್ರಿಜ್ಯದ ಸುತ್ತಿನಲ್ಲಿ ತಿರುಗುತ್ತಿರುತ್ತದೆ. ಡಿಕ್ಕಿ ಮಾಡಬೇಕಾದ ಕೆಲಸವನ್ನು ಇಲ್ಲಿ ಕಾಂತಕ್ಷೇತ್ರ ಮಾಡುತ್ತದೆ. ಕಣ ದೂರ ಓಡಿಹೋಗದಂತೆ ಹಿಡಿಯುತ್ತದೆ. ಹಾಗಾಗಿ ಅಡ್ಡ ದಿಕ್ಕಿನಲ್ಲಿ ದ್ರವದ ಚಿತ್ರ ಚೆನ್ನಾಗಿ ಕೂರುತ್ತದೆ. ರೇಖೆಯ ಉದ್ದಕ್ಕೆ ನಿಮ್ಮ ಮಾತು ಪೂರ್ತಿ ಸರಿ. ಅಲ್ಲಿ ಸ್ನಿಗ್ಧತೆಯನ್ನೂ ಶಾಖದ ಹರಿವನ್ನೂ ಕಣಗಳ ಚಲನೆಯಿಂದಲೇ ಲೆಕ್ಕ ಹಾಕಬೇಕು. ಬ್ರಾಗಿನ್ಸ್ಕಿ ಕೊಟ್ಟ ಸಮೀಕರಣಗಳು ಡಿಕ್ಕಿ ಹೆಚ್ಚಿರುವ ತಂಪು ಅಂಚಿಗೆ ಒಪ್ಪುತ್ತವೆ. ಬಿಸಿ ನಡುಭಾಗಕ್ಕೆ 1960ರ ದಶಕದ ಕೊನೆಯಲ್ಲಿ ಗಲೀವ್ ಮತ್ತು ಸಗ್ದೇವ್ ಶುರು ಮಾಡಿದ ನಿಯೋಕ್ಲಾಸಿಕಲ್ ಸಿದ್ಧಾಂತ ಬೇಕು, ಅಂದರೆ ಬಾಗಿದ ಕ್ಷೇತ್ರದಲ್ಲಿ ಕಣಗಳು ಓಡುವ ದಾರಿಯನ್ನೂ ಅಪರೂಪದ ಡಿಕ್ಕಿಯನ್ನೂ ಒಟ್ಟಿಗೆ ಹಿಡಿಯುವ ಲೆಕ್ಕ.

ಆ ಸಿದ್ಧಾಂತದಿಂದ ಒಂದು ದೊಡ್ಡ ಫಲಿತಾಂಶ ಬರುತ್ತದೆ. ಪೊಲಾಯ್ಡಲ್ ದಿಕ್ಕಿಗೆ ಹರಿಯುವ ಪ್ಲಾಸ್ಮಾ ಪ್ರತಿ ಸುತ್ತಿನಲ್ಲೂ ಬಲವಾದ ಕ್ಷೇತ್ರ ದಾಟಿ ದುರ್ಬಲ ಕ್ಷೇತ್ರಕ್ಕೆ ಬರುತ್ತದೆ. ಹಿಂಡಿಸಿಕೊಳ್ಳುತ್ತದೆ, ಸಡಿಲಾಗುತ್ತದೆ. ಅಷ್ಟರಲ್ಲಿ ವೇಗ ಶಾಖವಾಗಿ ಕರಗುತ್ತದೆ. ಆದ್ದರಿಂದ ಪೊಲಾಯ್ಡಲ್ ಹರಿವು ಬೇಗ ಕುಗ್ಗಿ, ತಾಪದ ಇಳಿಜಾರು ನಿರ್ಧರಿಸುವ ಒಂದು ಸಣ್ಣ ವೇಗಕ್ಕೆ ನಿಲ್ಲುತ್ತದೆ. ಟೊರಾಯ್ಡಲ್ ದಿಕ್ಕಿನಲ್ಲಿ ಕ್ಷೇತ್ರ ಬದಲಾಗುವುದೇ ಇಲ್ಲ. ಆ ದಿಕ್ಕಿನ ಸುತ್ತಿಗೆ ಈ ಬ್ರೇಕ್ ಇಲ್ಲ. ನೂರಾರು ಕಿಲೋಮೀಟರ್ ವೇಗ ಕಾಣುವುದು ಅಲ್ಲಿಯೇ.

ಗಾಂಧಿನಗರದ ಕನ್ನಡಿಗ

ಅಳೆಯುವ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ. ನನ್ನ ಕೆಲಸ ಸ್ಪೆಕ್ಟ್ರೋಸ್ಕೋಪಿ.

ಯಾರು ತಳ್ಳುತ್ತಾರೆ ಎಂದು ಕೇಳಿದ್ದೀರಿ. ದೊಡ್ಡ ಯಂತ್ರಗಳಲ್ಲಿ ಮುಖ್ಯವಾಗಿ ನ್ಯೂಟ್ರಲ್ ಬೀಮ್. ವೇಗವಾದ ತಟಸ್ಥ ಪರಮಾಣುಗಳನ್ನು ಓರೆಯಾಗಿ ಒಳಗೆ ಹೊಡೆಯುತ್ತಾರೆ. ಪ್ಲಾಸ್ಮಾ ಬಿಸಿ ಮಾಡುವುದಕ್ಕೆಂದೇ ಇದನ್ನು ಹಾಕುವುದು. ಆದರೆ ಪರಮಾಣು ಶಕ್ತಿಯ ಜೊತೆ ಸಂವೇಗವನ್ನೂ ತರುತ್ತದೆ. ಪ್ಲಾಸ್ಮಾ ಆ ದಿಕ್ಕಿಗೆ ತಿರುಗತೊಡಗುತ್ತದೆ.

ವೇಗ ಅಳೆಯುವುದಕ್ಕೂ ಅದೇ ಬೀಮ್ ನೆರವಾಗುತ್ತದೆ. ಪ್ಲಾಸ್ಮಾದಲ್ಲಿ ಸ್ವಲ್ಪ ಕಾರ್ಬನ್ ಯಾವಾಗಲೂ ಇರುತ್ತದೆ. ಎಲ್ಲ ಎಲೆಕ್ಟ್ರಾನುಗಳನ್ನೂ ಕಳೆದುಕೊಂಡ ಕಾರ್ಬನ್, ಬೀಮ್‌ನ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಸಿದುಕೊಂಡು 529.1 ನ್ಯಾನೋಮೀಟರ್‌ನ ಹಸಿರು ಬೆಳಕು ಬಿಡುತ್ತದೆ. ಕಾರ್ಬನ್ ನಮ್ಮ ಕಡೆಗೆ ಬರುತ್ತಿದ್ದರೆ ಆ ಗೆರೆ ನೀಲಿ ಕಡೆಗೆ ಸರಿಯುತ್ತದೆ. ಸೆಕೆಂಡಿಗೆ 100 ಕಿ.ಮೀ. ವೇಗಕ್ಕೆ ಸರಿಯುವುದು 0.18 ನ್ಯಾನೋಮೀಟರ್. ಒಳ್ಳೆ ಸ್ಪೆಕ್ಟ್ರೋಮೀಟರ್‌ಗೆ ಇದು ಕಷ್ಟವಲ್ಲ. 5 ಕಿ.ಮೀ. ವೇಗ ಹಿಡಿಯಬೇಕೆಂದರೆ ಮಾತ್ರ ಬೆವರು ಹರಿಸಬೇಕು. ಗೆರೆಯೇ ಅದಕ್ಕಿಂತ ಎಷ್ಟೋ ಪಾಲು ಅಗಲ ಇರುತ್ತದೆ. ತರಂಗಾಂತರದ ಕ್ಯಾಲಿಬ್ರೇಶನ್ ಕೂದಲೆಳೆಯಷ್ಟು ತಪ್ಪಿದರೂ ಹರಿವಿನ ದಿಕ್ಕೇ ಉಲ್ಟಾ ಕಾಣಬಹುದು. ಇನ್ನೊಂದು ಎಚ್ಚರ: ಅಳೆದದ್ದು ಕಾರ್ಬನ್ನಿನ ವೇಗ. ಮುಖ್ಯ ಅಯಾನುಗಳ ವೇಗ ಬೇರೆ ಇರಬಹುದು. ನಿಮ್ಮ ಪ್ರಾಜೆಕ್ಟಿನಲ್ಲಿ ಇದನ್ನು ಬೆರೆಸಬೇಡಿ.

ನಮ್ಮ ದೇಶದಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಟೋಕಮಾಕ್ ಆದಿತ್ಯ. 1989ರಲ್ಲಿ ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಶುರುವಾಯಿತು. ಈಗ ಅದರ ಹೊಸ ರೂಪ ಆದಿತ್ಯ-ಯು ಇದೆ. ಬೀಮ್ ತಳ್ಳದಿದ್ದರೂ ಅಲ್ಲಿ ಪ್ಲಾಸ್ಮಾ ಟೊರಾಯ್ಡಲ್ ದಿಕ್ಕಿಗೆ ಸುತ್ತುವುದನ್ನು ಅಳೆದಿದ್ದಾರೆ. ಸುತ್ತಿನ ದಿಕ್ಕು ತಿರುಗುವುದನ್ನೂ ಕಂಡಿದ್ದಾರೆ. ಇನ್ನೂ ಒಂದು ವಿಷಯ ಹೇಳಲು ಖುಷಿಯಾಗುತ್ತದೆ. ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಮಾಕ್ ಐಟರ್‌ಗೆ ಭಾರತ ಕೊಡಬೇಕಾದ ಭಾಗಗಳಲ್ಲಿ ಅಳತೆಗೆಂದೇ ಮಾಡುವ 100 ಕಿಲೋವೋಲ್ಟ್ ಹೈಡ್ರೋಜನ್ ಬೀಮ್ ಒಂದು. ಮೇಲೆ ಹೇಳಿದ ಥರದ ಅಳತೆ ಐಟರ್‌ನ ನಡುಭಾಗದಲ್ಲಿ ಆಗಬೇಕಾದರೆ ಅದು ಬೇಕೇ ಬೇಕು.

ಧಾರವಾಡದ ಮೇಷ್ಟ್ರು

ಪಿಯುಸಿ ಮಕ್ಕಳಿಗೆ ಪಾಠ ಮಾಡುವವನು ನಾನು. ಇಷ್ಟು ಓದಿ ಬಹಳ ಸಂತೋಷವಾಯಿತು. ಆದರೆ ಓದುಗಿಯವರ ಕೊನೆಯ ಪ್ರಶ್ನೆ ಹಾಗೇ ಉಳಿಯಿತಲ್ಲ? ಸುತ್ತುವುದರಿಂದ ಪ್ಲಾಸ್ಮಾಗೆ ಏನು ಲಾಭ?

ಮ್ಯೂನಿಕ್ ಮಲೆನಾಡಿಗ

ಮೇಷ್ಟ್ರೇ, ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1980ರ ಸುಮಾರಿಗೆ ಟೋಕಮಾಕ್ ಮಂದಿಗೆ ದೊಡ್ಡ ಚಿಂತೆ ಇತ್ತು. ಬೀಮ್ ಹಾಕಿ ಶಕ್ತಿ ಹೆಚ್ಚಿಸಿದಷ್ಟೂ ಶಾಖ ಹೊರಗೆ ಸೋರುವುದು ಜಾಸ್ತಿಯಾಗುತ್ತಿತ್ತು. ಹೀಗೇ ಹೋದರೆ ರಿಯಾಕ್ಟರ್ ಕನಸು ಬಿಡಬೇಕಾಗುತ್ತಿತ್ತು. 1982ರಲ್ಲಿ ಮ್ಯೂನಿಕ್ ಪಕ್ಕದ ಗಾರ್ಚಿಂಗ್‌ನಲ್ಲಿ, ಆಸ್‌ಡೆಕ್ಸ್ ಯಂತ್ರದಲ್ಲಿ, ಫ್ರೀಡ್ರಿಶ್ ವಾಗ್ನರ್ ಮತ್ತು ಅವರ ತಂಡ ಬೇರೆಯೇ ಏನೋ ಕಂಡರು. ಬೀಮ್ ಶಕ್ತಿ ಒಂದು ಮಿತಿ ದಾಟಿದ ತಕ್ಷಣ ಅಂಚಿನಿಂದ ಬರುವ ಹೈಡ್ರೋಜನ್ ಬೆಳಕು ದಿಢೀರನೆ ಕುಸಿಯಿತು. ಸಾಂದ್ರತೆ ಏರತೊಡಗಿತು. ಪ್ಲಾಸ್ಮಾ ಶಾಖವನ್ನು ಹಿಡಿದಿಡುವ ಸಮಯ ಸುಮಾರು ಎರಡು ಪಟ್ಟಾಯಿತು. ಇದಕ್ಕೆ ಎಚ್-ಮೋಡ್ ಎಂಬ ಹೆಸರು ಬಂತು. ಯಾರೂ ಮೊದಲೇ ಲೆಕ್ಕ ಹಾಕಿ ಹೇಳಿರಲಿಲ್ಲ.

ಕಾರಣ ಹುಡುಕಲು ವರ್ಷಗಳೇ ಹಿಡಿದವು. 1988ರಲ್ಲಿ ಜಪಾನಿನ ಇತೋ ದಂಪತಿ, 1989ರಲ್ಲಿ ಶೇಯಿಂಗ್ ಮತ್ತು ಕ್ರೂಮ್, ಅಂಚಿನ ವಿದ್ಯುತ್ ಕ್ಷೇತ್ರದ ಕಡೆ ಬೆರಳು ತೋರಿಸಿದರು. ಅದೇ 1989ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಚಂದದ ಪ್ರಯೋಗ ಆಯಿತು. ಪ್ಲಾಸ್ಮಾದ ಅಂಚಿನೊಳಗೆ ಎಲೆಕ್ಟ್ರೋಡ್ ತೂರಿಸಿ ವೋಲ್ಟೇಜ್ ಕೊಟ್ಟರು. ಅಂಚು ತಿರುಗಿತು, ಎಚ್-ಮೋಡ್ ಥರದ ಸ್ಥಿತಿ ಬಂತು. ಅಂದರೆ ವಿದ್ಯುತ್ ಕ್ಷೇತ್ರ ಬದಲಾದರೆ ಸೋರಿಕೆ ಬದಲಾಗುತ್ತದೆ ಎಂದು ಕೈಯಾರೆ ಮಾಡಿ ತೋರಿಸಿದ ಹಾಗಾಯಿತು. 1990ರಲ್ಲಿ ಸ್ಯಾನ್ ಡಿಯೇಗೋದ ಡಿ-3-ಡಿ ಯಂತ್ರದಲ್ಲಿ ಈ ಬದಲಾವಣೆ ಆಗುವಾಗ ಅಂಚಿನ ಪೊಲಾಯ್ಡಲ್ ಹರಿವೂ ವಿದ್ಯುತ್ ಕ್ಷೇತ್ರವೂ ಜಿಗಿಯುವುದನ್ನು ನೇರವಾಗಿ ಅಳೆದರು.

ಲಾಭ ತರುವುದು ವೇಗವಲ್ಲ. ಪಕ್ಕಪಕ್ಕದ ಪದರಗಳ ವೇಗದಲ್ಲಿರುವ ವ್ಯತ್ಯಾಸ. ಇಡೀ ಪ್ಲಾಸ್ಮಾ ಒಂದೇ ವೇಗದಲ್ಲಿ ಸುತ್ತಿದರೆ ಸೋರಿಕೆಗೆ ಏನೂ ಆಗುವುದಿಲ್ಲ. ಶಾಖವನ್ನು ಹೊರಗೆ ಸಾಗಿಸುವುದು ಸೆಂಟಿಮೀಟರ್ ಗಾತ್ರದ ಸುಳಿಗಳು. ಸುಳಿಯ ಒಳಬದಿ ಒಂದು ವೇಗದಲ್ಲಿ, ಹೊರಬದಿ ಇನ್ನೊಂದು ವೇಗದಲ್ಲಿ ಸರಿದರೆ ಅದು ಓರೆಯಾಗಿ, ಉದ್ದವಾಗಿ, ಸೀಳಿಹೋಗುತ್ತದೆ. ಬಿಗ್ಲಾರಿ, ಡೈಮಂಡ್, ಟೆರ್ರಿ 1990ರಲ್ಲಿ ಇದನ್ನು ಲೆಕ್ಕದ ರೂಪಕ್ಕೆ ತಂದರು.

ಅಂಕಿಗಳು ಹೀಗಿವೆ. ಎಚ್-ಮೋಡ್ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಮೀಟರಿಗೆ 30 ಕಿಲೋವೋಲ್ಟ್ ಎಂದುಕೊಳ್ಳಿ, ಕಾಂತಕ್ಷೇತ್ರ 2 ಟೆಸ್ಲಾ. ಭಾಗಿಸಿದರೆ ಸೆಕೆಂಡಿಗೆ 15 ಕಿ.ಮೀ. ಸುತ್ತಿನ ವೇಗಕ್ಕೆ ಹೋಲಿಸಿದರೆ ಇದು ಸಣ್ಣದು. ಆದರೆ ಒಂದೇ ಸೆಂಟಿಮೀಟರ್ ಆಸುಪಾಸಿನಲ್ಲಿ ಅದು ಪೂರ್ತಿ ಬದಲಾಗುತ್ತದೆ. ಆ ಲೆಕ್ಕದಲ್ಲಿ ಸುಳಿಯನ್ನು ಸೀಳುವ ದರ ಸೆಕೆಂಡಿಗೆ ಹತ್ತು ಲಕ್ಷ ದಾಟುತ್ತದೆ. ಸುಳಿ ಬೆಳೆಯುವ ದರ ಲಕ್ಷದ ಆಸುಪಾಸು. ಬೆಳೆಯುವ ಮುಂಚೆಯೇ ಚೂರಾಗುತ್ತದೆ.

ಪಂಪು ಪೈಪು

ಇಲ್ಲಿ ನನಗೆ ತಕರಾರು ಇದೆ. ನನ್ನ ಪೈಪುಗಳಲ್ಲಿ ಪದರಗಳ ವೇಗ ಬೇರೆ ಬೇರೆ ಇದ್ದರೆ ಅದರಿಂದಲೇ ಸುಳಿ ಹುಟ್ಟುತ್ತದೆ. ನೀವು ಅದೇ ಸುಳಿಯನ್ನು ಕೊಲ್ಲುತ್ತದೆ ಎನ್ನುತ್ತೀರಿ. ಎರಡೂ ಹೇಗೆ ನಿಜವಾಗುತ್ತದೆ?

ಮ್ಯೂನಿಕ್ ಮಲೆನಾಡಿಗ

ಸರ್, ಸುಳಿಗೆ ಶಕ್ತಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಪೈಪಿನಲ್ಲಿ ವೇಗದ ವ್ಯತ್ಯಾಸವೇ ಅದರ ಆಹಾರ. ಪ್ಲಾಸ್ಮಾದಲ್ಲಿ ನಡುಭಾಗ ಹತ್ತಾರು ಕೋಟಿ ಡಿಗ್ರಿ, ಅಂಚು ತಂಪು. ಆ ತಾಪದ ಇಳಿಜಾರಿನಿಂದ ಸುಳಿಗಳು ಹುಟ್ಟುತ್ತವೆ. ವೇಗದ ವ್ಯತ್ಯಾಸ ಅಲ್ಲಿ ಹೊರಗಿನಿಂದ ಬಂದು ಅವನ್ನು ಕೆಡಿಸುವ ಕೆಲಸ ಮಾಡುತ್ತದೆ.

ನಿಮ್ಮ ಪೈಪಿನ ಅಸ್ಥಿರತೆ ಇಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಆದರೆ ಮೇಲ್ಮೈಯಿಂದ ಮೇಲ್ಮೈಗೆ ಕ್ಷೇತ್ರರೇಖೆಗಳ ತಿರುಚು ಬದಲಾಗುತ್ತದೆ. ಅಗಲವಾಗಿ ಹೊರಳಲು ಹೊರಟ ಪ್ಲಾಸ್ಮಾ ಆ ರೇಖೆಗಳನ್ನು ಬಗ್ಗಿಸಬೇಕಾಗುತ್ತದೆ. ಅದಕ್ಕೆ ಶಕ್ತಿ ಖರ್ಚು. ಅದಕ್ಕೇ ಅದು ಅಷ್ಟು ಸುಲಭವಾಗಿ ತಲೆ ಎತ್ತುವುದಿಲ್ಲ. ರೇಖೆಯ ಉದ್ದಕ್ಕಿರುವ ವೇಗದಲ್ಲಿ ವ್ಯತ್ಯಾಸ ಜಾಸ್ತಿಯಾದರೆ ಮಾತ್ರ ನಿಮ್ಮ ಭಯ ನಿಜವಾಗುತ್ತದೆ. ಅಲ್ಲಿ ಅದು ಹೊಸ ಅಸ್ಥಿರತೆಯನ್ನು ಹುಟ್ಟಿಸಬಲ್ಲದು.

ಪಂಪು ಪೈಪು

ಶಕ್ತಿಯ ಮೂಲ ಬೇರೆ ಎಂಬ ಮಾತಿನಿಂದ ಸ್ಪಷ್ಟವಾಯಿತು. ವಂದನೆ.

ಸಮೀಕರಣ

ಮಲೆನಾಡಿಗರು ಹೇಳಿದ ಕಥೆಗೆ ಇನ್ನೊಂದು ಮುಖ ಇದೆ. ನನಗೆ ಈ ಕ್ಷೇತ್ರದಲ್ಲಿ ಅತಿ ಸುಂದರ ಅನಿಸುವುದು ಅದೇ.

ಹರಿವನ್ನು ಹೊರಗಿನಿಂದ ಯಾರೂ ಕೊಡದೆ ಇದ್ದರೂ ಸುಳಿಗಳೇ ಅದನ್ನು ಹುಟ್ಟಿಸುತ್ತವೆ. ಸಣ್ಣ ಸುಳಿಗಳು ತಮ್ಮ ಶಕ್ತಿಯನ್ನು ದೊಡ್ಡ ಪಟ್ಟೆಯಂಥ ಹರಿವಿಗೆ ಕೊಡುತ್ತವೆ. ಒಂದು ಪದರ ಹೀಗೆ, ಪಕ್ಕದ ಪದರ ಹಾಗೆ. ಇವಕ್ಕೆ ಜೋನಲ್ ಹರಿವು ಎನ್ನುತ್ತಾರೆ. ಗುರುಗ್ರಹದ ಪಟ್ಟೆಗಳ ಹಿಂದೆಯೂ ಇದೇ ಬಗೆಯ ಗಣಿತ ಇದೆ. ಅಲ್ಲಿ ಗ್ರಹದ ತಿರುಗುವಿಕೆ ಮಾಡುವ ಕೆಲಸವನ್ನು ಇಲ್ಲಿ ಕಾಂತಕ್ಷೇತ್ರ ಮತ್ತು ಸಾಂದ್ರತೆಯ ಇಳಿಜಾರು ಮಾಡುತ್ತವೆ. ಹಸೆಗಾವಾ ಮತ್ತು ಮಿಮಾ 1978ರಲ್ಲಿ ಬರೆದ ಸಮೀಕರಣ ಈ ಸಾಮ್ಯವನ್ನು ನೇರವಾಗಿ ತೋರಿಸುತ್ತದೆ.

ಜೋನಲ್ ಹರಿವು ಮೇಲ್ಮೈಯ ಮೇಲೆಯೇ ಇರುತ್ತದೆ, ಹೊರದಿಕ್ಕಿಗೆ ಹೋಗುವುದಿಲ್ಲ. ಆದ್ದರಿಂದ ಅದು ಶಾಖವನ್ನು ಹೊರಗೆ ಒಯ್ಯಲಾರದು. ಸುಳಿಯಿಂದ ಶಕ್ತಿ ಕಿತ್ತುಕೊಳ್ಳುತ್ತದೆ, ಸುಳಿಯನ್ನು ಸೀಳುತ್ತದೆ, ತಾನು ಏನನ್ನೂ ಸೋರಿಸುವುದಿಲ್ಲ. 1998ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ದೊಡ್ಡ ಕಂಪ್ಯೂಟರ್ ಲೆಕ್ಕ ಮಾಡಿದಾಗ ಇದರ ಪ್ರಭಾವ ಎದ್ದು ಕಂಡಿತು. ಜೋನಲ್ ಹರಿವನ್ನು ಬೇಕೆಂದೇ ಅಳಿಸಿದರೆ ಉದ್ದುದ್ದ ಸುಳಿಗಳು ಉಳಿದು ಸೋರಿಕೆ ಜಾಸ್ತಿ. ಇರಲು ಬಿಟ್ಟರೆ ಸುಳಿಗಳು ಚಿಕ್ಕವಾಗಿ ಸೋರಿಕೆ ಕಡಿಮೆ. ಪೊಲಾಯ್ಡಲ್ ಹರಿವು ಬೇಗ ಕುಗ್ಗುತ್ತದೆ ಎಂದು ನಾನೇ ಮೇಲೆ ಹೇಳಿದೆ, ಹಾಗಾದರೆ ಇದು ಹೇಗೆ ಬದುಕುತ್ತದೆ? ಅದೇ ವರ್ಷ ರೋಸೆನ್‌ಬ್ಲೂತ್ ಮತ್ತು ಹಿಂಟನ್ ಉತ್ತರ ಕೊಟ್ಟರು: ಡಿಕ್ಕಿ ಕಡಿಮೆ ಇದ್ದರೆ ಹರಿವು ಪೂರ್ತಿ ಸಾಯುವುದಿಲ್ಲ, ಒಂದು ಪಾಲು ಉಳಿಯುತ್ತದೆ. ಜಪಾನಿನ ಸಿ.ಎಚ್.ಎಸ್. ಯಂತ್ರದಲ್ಲಿ ಪ್ಲಾಸ್ಮಾದ ಎರಡು ದೂರದ ಜಾಗಗಳಿಗೆ ಭಾರ ಅಯಾನುಗಳ ಎರಡು ಕಿರಣ ಬಿಟ್ಟು ಫುಜಿಸಾವಾ ತಂಡ 2004ರಲ್ಲಿ ಇದನ್ನು ಪ್ರಯೋಗದಲ್ಲಿ ಗುರುತಿಸಿತು.

ಧಾರವಾಡದ ಮೇಷ್ಟ್ರು

ಅಂದರೆ ಸುಳಿಯೇ ತನ್ನನ್ನು ಹದ್ದುಬಸ್ತಿನಲ್ಲಿಡುವ ಹರಿವನ್ನು ತಯಾರು ಮಾಡುತ್ತದೆ! ಮಕ್ಕಳಿಗೆ ಖಂಡಿತ ಹೇಳುತ್ತೇನೆ. ಐಟರ್‌ನಲ್ಲಿಯೂ ಬೀಮ್ ಹಾಕಿ ಹೀಗೇ ಜೋರಾಗಿ ಸುತ್ತಿಸುತ್ತಾರಾ?

ಗಾಂಧಿನಗರದ ಕನ್ನಡಿಗ

ಅಷ್ಟು ಸುಲಭವಲ್ಲ. ಐಟರ್‌ನ ಬೀಮ್ 10 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ನದು, ಎರಡು ಇಂಜೆಕ್ಟರ್ ಸೇರಿ 33 ಮೆಗಾವಾಟ್. ಡಿ-3-ಡಿಯಲ್ಲಿ ಬೀಮ್ ಸುಮಾರು 80 ಸಾವಿರ ಎಲೆಕ್ಟ್ರಾನ್ ವೋಲ್ಟ್‌ನದು. ಒಂದು ಮೆಗಾವಾಟ್‌ಗೆ ಸಿಗುವ ತಳ್ಳು ಕಣದ ವೇಗ ಹೆಚ್ಚಾದಷ್ಟೂ ಕಡಿಮೆ. ಶಕ್ತಿ ಹನ್ನೆರಡು ಪಟ್ಟು ಮೇಲಾದರೆ ಪ್ರತಿ ಮೆಗಾವಾಟ್‌ನ ತಳ್ಳು ಮೂರೂವರೆ ಪಟ್ಟು ಇಳಿಯುತ್ತದೆ. ಪ್ಲಾಸ್ಮಾ ಗಾತ್ರ ಮಾತ್ರ 800 ಘನ ಮೀಟರ್‌ಗಿಂತ ಜಾಸ್ತಿ. ಅಷ್ಟು ದೊಡ್ಡದನ್ನು ಇಷ್ಟು ಸಣ್ಣ ತಳ್ಳಿನಿಂದ ಜೋರಾಗಿ ತಿರುಗಿಸಲಾಗುವುದಿಲ್ಲ.

ನನಗೆ ಇದು ನಿಜವಾಗಿ ಚಿಂತೆಯ ವಿಷಯ. ಸೋರಿಕೆ ಒಂದು ಕಡೆ ಇರಲಿ, ಸ್ಥಿರತೆಗೂ ಸುತ್ತು ಬೇಕು. ಕಾಯಿಲ್‌ಗಳು ಕೆಲವೇ ಮಿಲಿಮೀಟರ್ ಓರೆಯಾಗಿದ್ದರೂ ಕ್ಷೇತ್ರದಲ್ಲಿ ಸಣ್ಣ ಐಬು ಉಳಿಯುತ್ತದೆ. ಪ್ಲಾಸ್ಮಾದೊಳಗೆ ಹುಟ್ಟುವ ಕಾಂತ ದ್ವೀಪಗಳು (ಕ್ಷೇತ್ರರೇಖೆಗಳು ಕಡಿದು ಮತ್ತೆ ಕೂಡಿಕೊಂಡು ಆಗುವ ಗುಳ್ಳೆಗಳು) ಸುತ್ತುತ್ತಿರುವ ತನಕ ಆ ಐಬು ಅವನ್ನು ಹಿಡಿಯಲಾರದು. ಸುತ್ತು ನಿಧಾನವಾದರೆ ದ್ವೀಪ ಅಲ್ಲೇ ಲಾಕ್ ಆಗುತ್ತದೆ, ಬೆಳೆಯುತ್ತದೆ, ಕೊನೆಗೆ ಇಡೀ ಪ್ಲಾಸ್ಮಾ ಒಮ್ಮೆಲೇ ಕುಸಿಯಬಹುದು. ಗೋಡೆಯ ಹತ್ತಿರದ ದೊಡ್ಡ ಅಸ್ಥಿರತೆಗಳನ್ನು ತಡೆಯುವುದಕ್ಕೂ ಸುತ್ತು ನೆರವಾಗುತ್ತದೆ ಎಂದು ಬಾಂಡೆಸನ್ ಮತ್ತು ವಾರ್ಡ್ 1994ರಲ್ಲೇ ಹೇಳಿದ್ದರು.

ಮ್ಯೂನಿಕ್ ಮಲೆನಾಡಿಗ

ಗೋಡೆಯ ವಿಷಯದಲ್ಲಿ ನಾನು ಅಷ್ಟು ಹೆದರುವುದಿಲ್ಲ. 2007ರಲ್ಲಿ ಡಿ-3-ಡಿ ಮತ್ತು ಜಪಾನಿನ ಜೆಟಿ-60ಯು ಯಂತ್ರಗಳ ಫಲಿತಾಂಶ ಬಂತು. ಬೀಮ್‌ಗಳನ್ನು ಎರಡೂ ದಿಕ್ಕಿನಿಂದ ಹೊಡೆದು ತಳ್ಳನ್ನು ಕಡಿಮೆ ಮಾಡಿದ್ದರು. ಮೊದಲು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಸುತ್ತಿನಲ್ಲೂ ಪ್ಲಾಸ್ಮಾ ನಿಂತಿತು. ಲಾಕ್ ಆಗುವ ಬಗ್ಗೆ ನೀವು ಹೇಳಿದ್ದಕ್ಕೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ ಇದೆ. ಅದಕ್ಕೆ ಐಬು ಸರಿಪಡಿಸುವ ಕಾಯಿಲ್‌ಗಳು ಬೇಕೇ ಬೇಕು.

ಇನ್ನೊಂದು ಆಶೆಯೂ ಇದೆ. ಎಂ.ಐ.ಟಿ.ಯ ಆಲ್ಕೇಟರ್ ಸಿ-ಮಾಡ್ ಯಂತ್ರದಲ್ಲಿ ಬರೀ ರೇಡಿಯೋ ತರಂಗದಿಂದ ಬಿಸಿ ಮಾಡುತ್ತಿದ್ದರು. ಅದು ಹೇಳಿಕೊಳ್ಳುವಂಥ ತಳ್ಳು ಕೊಡುವುದಿಲ್ಲ. ಆದರೂ ಎಚ್-ಮೋಡ್ ಬಂದ ಕೂಡಲೇ ಪ್ಲಾಸ್ಮಾ ತಾನಾಗಿ ಪ್ರವಾಹದ ದಿಕ್ಕಿಗೆ ಸುತ್ತತೊಡಗಿತು. ಜಾನ್ ರೈಸ್ ಮತ್ತು ಜೊತೆಗಾರರು ಬೇರೆ ಬೇರೆ ಯಂತ್ರಗಳ ಅಂಕಿ ಕೂಡಿಸಿ ನೋಡಿದರು. ವೇಗದ ಏರಿಕೆ, ಶೇಖರವಾದ ಶಕ್ತಿಯ ಏರಿಕೆಯನ್ನು ಪ್ರವಾಹದಿಂದ ಭಾಗಿಸಿದ್ದಕ್ಕೆ ಅನುಪಾತದಲ್ಲಿತ್ತು. ಸುಳಿಗಳು ಎಡಬಲಕ್ಕೆ ಸರಿಸಮ ಇಲ್ಲದಿದ್ದರೆ ಸಂವೇಗವನ್ನು ಒಂದು ಕಡೆಗೆ ದೂಡುತ್ತವೆ ಎಂಬುದು ಮುಖ್ಯ ವಿವರಣೆ. ಆದರೆ ಸ್ವಿಟ್ಜರ್ಲೆಂಡಿನ ಟಿಸಿವಿ ಯಂತ್ರದಲ್ಲಿ ಸಾಂದ್ರತೆ ಸ್ವಲ್ಪ ಬದಲಿಸಿದರೆ ಸುತ್ತಿನ ದಿಕ್ಕೇ ತಿರುಗಿತು. ಹಾಗಾಗಿ ಈ ಸೂತ್ರವನ್ನೇ ನಂಬಿ ಐಟರ್‌ನ ಸುತ್ತಿಗೆ ಒಂದು ಅಂಕಿ ಹೇಳಲು ನಾನು ಹೋಗುವುದಿಲ್ಲ.

ಹಾಸನದ ಓದುಗಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ನಾನು ಕೈಯಲ್ಲೇ ಮಾಡಬಹುದಾದ ಒಂದು ಲೆಕ್ಕ ಇದೆಯಾ? ಸಿಮ್ಯುಲೇಶನ್ ಮಾಡುವಷ್ಟು ಕಂಪ್ಯೂಟರ್ ಸೌಲಭ್ಯ ನಮ್ಮಲ್ಲಿಲ್ಲ. ಹಾಗೇ ಸ್ಟೆಲರೇಟರ್‌ನಲ್ಲಿಯೂ (ರೇಖೆಗಳ ತಿರುಚನ್ನು ಹೊರಗಿನ ಕಾಯಿಲ್‌ಗಳೇ ಕೊಡುವ ಯಂತ್ರದಲ್ಲಿ) ಇದೇ ಕಥೆಯಾ?

ಸಮೀಕರಣ

ಸ್ಟೆಲರೇಟರ್ ವಿಷಯ ಚಿಕ್ಕದಾಗಿ: ಅಲ್ಲಿ ಟೊರಾಯ್ಡಲ್ ಸಮ್ಮಿತಿ ಇಲ್ಲ. ಆದ್ದರಿಂದ ಸಾಮಾನ್ಯವಾಗಿ ಎರಡೂ ದಿಕ್ಕಿಗೆ ಬ್ರೇಕ್ ಬೀಳುತ್ತದೆ. ವಿಸ್ಕಾನ್ಸಿನ್‌ನ ಎಚ್.ಎಸ್.ಎಕ್ಸ್. ಯಂತ್ರವನ್ನು ಒಂದು ಸುರುಳಿ ದಿಕ್ಕಿನಲ್ಲಿ ಕ್ಷೇತ್ರದ ಬಲ ಹೆಚ್ಚುಕಡಿಮೆ ಬದಲಾಗದಂತೆ ಕಟ್ಟಿದ್ದಾರೆ. ಆ ದಿಕ್ಕಿಗೆ ಹರಿವು ನಿಧಾನವಾಗಿ ಕುಗ್ಗುತ್ತದೆ ಎಂದು ಅಳೆದು ತೋರಿಸಿದ್ದಾರೆ.

ಕೈಲೆಕ್ಕಕ್ಕೆ ಅಯಾನಿನ ಹೊರದಿಕ್ಕಿನ ಬಲದ ಸಮೀಕರಣ ತೆಗೆದುಕೊಳ್ಳಿ. ವಿದ್ಯುತ್ ಕ್ಷೇತ್ರಕ್ಕೆ ಮೂರು ಪಾಲು: ಒತ್ತಡದ ಇಳಿಜಾರು, ಟೊರಾಯ್ಡಲ್ ವೇಗ ಗುಣಿಸು ಪೊಲಾಯ್ಡಲ್ ಕ್ಷೇತ್ರ, ಪೊಲಾಯ್ಡಲ್ ವೇಗ ಗುಣಿಸು ಟೊರಾಯ್ಡಲ್ ಕ್ಷೇತ್ರ. ಮೂರನೆಯದನ್ನು ಸದ್ಯಕ್ಕೆ ಬದಿಗಿಡಿ.

ಅಂಚಿನಲ್ಲಿ ತಾಪ ಒಂದೂವರೆ ಸೆಂಟಿಮೀಟರ್‌ನಲ್ಲಿ 500 ಎಲೆಕ್ಟ್ರಾನ್ ವೋಲ್ಟ್ ಇಳಿಯುತ್ತದೆ ಎಂದು ಹಿಡಿಯಿರಿ. ಒತ್ತಡದ ಪಾಲು ಮೀಟರಿಗೆ ಸುಮಾರು 33 ಕಿಲೋವೋಲ್ಟ್, ಒಳಮುಖ. ಅಲ್ಲಿ ಸುತ್ತು 20 ಕಿ.ಮೀ., ಪೊಲಾಯ್ಡಲ್ ಕ್ಷೇತ್ರ 0.3 ಟೆಸ್ಲಾ ಇದ್ದರೆ ಸುತ್ತಿನ ಪಾಲು ಬರೀ 6 ಕಿಲೋವೋಲ್ಟ್. ನಡುಭಾಗಕ್ಕೆ ಬನ್ನಿ. 3000 ಎಲೆಕ್ಟ್ರಾನ್ ವೋಲ್ಟ್ ಅರ್ಧ ಮೀಟರ್‌ನಲ್ಲಿ ಇಳಿದರೆ ಒತ್ತಡದ ಪಾಲು 6 ಕಿಲೋವೋಲ್ಟ್. ಬೀಮ್ ತಳ್ಳಿದ 150 ಕಿ.ಮೀ. ಸುತ್ತಿನ ಪಾಲು 45 ಕಿಲೋವೋಲ್ಟ್. ಅಂಚಿನ ಕ್ಷೇತ್ರವನ್ನು ಒತ್ತಡ ಕಟ್ಟುತ್ತದೆ, ನಡುಭಾಗದ್ದನ್ನು ಸುತ್ತು ಕಟ್ಟುತ್ತದೆ. ಈಗ ಬೀಮ್ ತೆಗೆದು ಸುತ್ತನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ಎರಡೂ ಕಡೆ ಮತ್ತೆ ಲೆಕ್ಕ ಮಾಡಿ. ಅಂಚಿನ ತಡೆಗೋಡೆ ಯಾಕೆ ಉಳಿಯುತ್ತದೆ, ನಡುಭಾಗದಲ್ಲಿ ಏನು ಕಳೆದುಹೋಗುತ್ತದೆ ಎಂಬುದು ಅಂಕಿಯಲ್ಲೇ ಕಾಣುತ್ತದೆ. ಆಮೇಲೆ ಮೂರನೆಯ ಪಾಲನ್ನು ಸೇರಿಸಿ, ಗ್ರಾಫ್ ಬರೆದು ಇಲ್ಲೇ ಹಾಕಿ. ಚಿಹ್ನೆಗಳನ್ನು ಒಟ್ಟಿಗೆ ಕೂತು ನೋಡೋಣ, ಏಕೆಂದರೆ ಪ್ರವಾಹದ ದಿಕ್ಕು ಬದಲಾದರೆ ಎರಡನೆಯ ಪಾಲಿನ ಚಿಹ್ನೆಯೂ ಬದಲಾಗುತ್ತದೆ.